ಎರಡು ಮೆಟ್ಟಿಲು ಕೆಳಗಿದ್ದವಳು

ನಮ್ಮ ಯರಗುಪ್ಪಿ ಕಡೆ ಹತ್ತುವುದಕ್ಕೆ ಏನೂ ಇಲ್ಲ. ಎರೆಹೊಲ, ಕಣ್ಣು ಹೋಗುವಷ್ಟು ದೂರ ಸಪಾಟು. ಮೈಸೂರಿಗೆ ಹೋಗುವವರೆಗೆ ನಾನು ಹತ್ತಿದ ಎತ್ತರದ ಜಾಗವೆಂದರೆ ಹುಬ್ಬಳ್ಳಿಯ ಕಾಲೇಜಿನ ಎರಡನೇ ಮಹಡಿ. ನಮ್ಮ ಮನೆತನದಲ್ಲಿ ಅದನ್ನು ಹತ್ತಿ ಪದವಿ ಪಡೆದ ಮೊದಲನೆಯವಳು ನಾನು. ಜಂಬ ಅನ್ನುವವರು ಅನ್ನಲಿ.

ಮೈಸೂರಿನ ಬೆಟ್ಟದ ಮೆಟ್ಟಿಲ ಬುಡದಲ್ಲಿ ಅವ್ವನ ಜೊತೆ ನಿಂತಾಗ ನನ್ನ ಹೆಗಲ ಚೀಲದಲ್ಲಿ ಅಷ್ಟೂ ಅಂಕಪಟ್ಟಿಗಳಿದ್ದವು, ಎಲ್ಲ ಅಸಲು. ಮರುದಿನ ಅದೇ ಊರಿನಲ್ಲಿ ನೌಕರಿಗಾಗಿ ದಾಖಲೆ ಪರಿಶೀಲನೆ. ಚಪ್ಪಲಿ ಕಾಯುವವನು, "ಬ್ಯಾಗೂ ಇಲ್ಲೇ ಇಡಿ, ಚೀಟಿ ಕೊಡ್ತೀನಿ" ಎಂದ. ಇಷ್ಟು ವರ್ಷದ ಓದಿಗೆ ಎರಡು ಬೆರಳಗಲದ ಚೀಟಿ! ಇಡಲಿಲ್ಲ.

ನಮ್ಮ ಕಡೆ ಬಸ್ಸಿನಲ್ಲಿ ಕುಳಿತವರು ನಿಂತವರ ಚೀಲವನ್ನು ಮಡಿಲಲ್ಲಿಟ್ಟುಕೊಳ್ಳುವುದು ರೂಢಿ. ಪಿಯುಸಿ ಪರೀಕ್ಷೆಯ ದಿನ ಹಾಗೆ ಕೊಟ್ಟ ನನ್ನ ಚೀಲ ಕೈಯಿಂದ ಕೈಗೆ ದಾಟಿ ಹಿಂದಿನ ಸೀಟು ಸೇರಿತು. ನಾನು ಇಳಿದೆ, ಹಾಲ್ ಟಿಕೆಟ್ ಇದ್ದ ಚೀಲ ಮುಂದೆ ಹೋಯಿತು. ಅಳುತ್ತ ಬಸ್ಸಿನ ಹಿಂದೆ ಓಡಿದೆ. ಕಡೆಗೆ ಯಾರೋ ಕಿಟಕಿಯಿಂದ ಎಸೆದರು. ಅವತ್ತಿನಿಂದ ಡಿಗ್ರಿ ಮುಗಿಯುವವರೆಗೆ, ಕಾಲು ಊರಲು ಜಾಗವಿಲ್ಲದ ಬಸ್ಸಿನಲ್ಲೂ ಚೀಲವನ್ನು ಯಾರಿಗೂ ಕೊಡಲಿಲ್ಲ.

ಅವ್ವ ಹಿಂದೊಮ್ಮೆ ಊರಿನ ಸಂಘದ ಹೆಣ್ಣುಮಕ್ಕಳ ಜೊತೆ ಇಲ್ಲಿಗೆ ಬಂದಾಗ, ಮಗಳು ಡಿಗ್ರಿ ಮುಗಿಸಿದರೆ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆಂದು ಹರಕೆ ಹೊತ್ತಿದ್ದಳು. ಸಾವಿರ ಮೆಟ್ಟಿಲು!

"ನಾ ಓದಿದ್ದಕ್ಕ ಪಾಸಾಗಿದ್ದು ಬೇ" ಎಂದೆ.

"ನಿನ್ನ ಓದಾಕ ಕುಂಡ್ರಿಸಿದಾಕಿ ಯಾರು?" ಎಂದಳು. ದೇವಿಯನ್ನು ಹೇಳಿದಳೋ ತನ್ನನ್ನೋ ತಿಳಿಯಲಿಲ್ಲ.

ಅವ್ವ ಬಾಗಿ ಬಾಗಿ ಹಚ್ಚುತ್ತ ಹತ್ತತೊಡಗಿದಳು. ಹಿಂದಿನಿಂದ ಬಂದವರೆಲ್ಲ ನಮ್ಮನ್ನು ದಾಟಿ ಹೋದರು. ಒಬ್ಬಳು ಮಾತ್ರ ದಾಟಲಿಲ್ಲ. ಅವ್ವನ ವಯಸ್ಸಿನವಳು, ಹಸಿರು ಸೀರೆ, ಬರಿಗೈ. ಸದಾ ಎರಡು ಮೆಟ್ಟಿಲು ಕೆಳಗೆ. ನಾವು ನಿಂತರೆ ನಿಲ್ಲುತ್ತಿದ್ದಳು. ನಾವು ನೀರು ಕುಡಿದರೆ ಎತ್ತಲೋ ನೋಡುತ್ತಿದ್ದಳು.

"ಮುಂದ ಹೋಗ್ರಿ, ದಾರಿ ಐತಲ್ಲ" ಎಂದೆ.

"ಪರವಾಗಿಲ್ಲ, ನೀವು ನಿಧಾನಕ್ಕೆ ಹೋಗಿ."

ಬರಿಗೈಯವಳಿಗೆ ನಿಧಾನವೇಕೆ? ಚೀಲವನ್ನು ಎದೆಗೆ ಎಳೆದುಕೊಂಡು ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿದೆ. "ಆಕಿ ನಮ್ಮ ಬೆನ್ನು ಹತ್ಯಾಳ" ಎಂದು ಅವ್ವನ ಕಿವಿಯಲ್ಲಿ ಹೇಳಿದೆ.

"ಹತ್ತಲಿ ಬಿಡು. ಗುಡ್ಡ ನಿಮ್ಮಪ್ಪಂದೇನು?"

ಅರ್ಧ ದಾಟಿದ ಮೇಲೆ ಅವ್ವನ ಮೊಣಕಾಲು ಹಿಡಿದುಕೊಂಡಿತು. ಕುಳಿತವಳು ಎರಡು ಸಲ ಏಳಲು ನೋಡಿದಳು, ಆಗಲಿಲ್ಲ. ಅರಿಶಿನ ಕುಂಕುಮದ ಡಬ್ಬಿ ಹಿಡಿದು ಉಳಿದ ಮೆಟ್ಟಿಲುಗಳನ್ನೇ ನೋಡುತ್ತಿದ್ದಳು. ಆಗ ಹಸಿರು ಸೀರೆಯವಳು ಹತ್ತಿರ ಬಂದು ಕೈ ಚಾಚಿದಳು.

"ಬ್ಯಾಗ್ ಕೊಡವ್ವ, ನಾನು ಹಿಡ್ಕೋತೀನಿ. ನೀನು ಹಚ್ಚು."

ಕೇಳಿದಳಲ್ಲ! ಬುಡದಿಂದ ಇದಕ್ಕೇ ಕಾದಿದ್ದಳು ಎಂದುಕೊಂಡೆ. "ಬ್ಯಾಡ್ರಿ" ಎಂದೆ, ನಾಲ್ಕು ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಅವ್ವ ನೇರ ಅವಳನ್ನೇ ಕೇಳಿಬಿಟ್ಟಳು: "ಯವ್ವಾ, ಯಾಕ ನಮ್ಮ ಹಿಂದಹಿಂದನ ಬರಾಕತ್ತೀರಿ? ನನ್ನ ಮಗಳು ನಿಮ್ಮನ್ನ ಕಳ್ಳಿ ಅಂತ ತಿಳದಾಳ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ನಕ್ಕು ಅವ್ವನ ಪಕ್ಕ ಕುಳಿತಳು. "ಕಣ್ಣು ಮಂಜು ಕಣಮ್ಮ. ಬಿಸ್ಲು ಬಿದ್ರೆ ಕಲ್ಲೆಲ್ಲಾ ಒಂದೇ ಥರ, ಮೆಟ್ಲು ಎಲ್ಲಿ ಮುಗೀತು ಅಂತ್ಲೇ ಗೊತ್ತಾಗಲ್ಲ. ನೀವು ಹಚ್ಚಿದ ಕುಂಕುಮ ಎದ್ದು ಕಾಣ್ತದೆ, ಅದನ್ನ ನೋಡ್ಕೊಂಡು ಕಾಲಿಡ್ತಿದ್ದೆ. ವರ್ಷಕ್ಕೊಂದ್ಸಲ ಹತ್ತೋದು ಬಿಟ್ಟಿಲ್ಲ. ಸೊಸೆಗೆ ಹೇಳಿದ್ರೆ ಕಳಿಸ್ತಿರಲಿಲ್ಲ."

ನಾನು ತಕ್ಷಣ ನಂಬಲಿಲ್ಲ. ಮೂರು ಬೆರಳು ಎತ್ತಿ ಹಿಡಿದೆ.

"ಆಸ್ಪತ್ರೇಲೂ ಇದನ್ನೇ ಕೇಳ್ತಾರೆ" ಎಂದಳು. "ಬೆರಳು ಮೂರು. ಕಲ್ಲು ಕಾಣಲ್ಲ ತಾಯಿ."

ಅವ್ವ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಪರೀಕ್ಷಾ ಬರದಾಕಿ ನೀನ. ಹಚ್ಚು."

ಚೀಲ ಹೊತ್ತೇ ನಾಲ್ಕು ಮೆಟ್ಟಿಲು ಹಚ್ಚಿದೆ. ಬಾಗಿದಾಗಲೆಲ್ಲ ಅದು ಜೋತು ಡಬ್ಬಿಗೆ ಬಡಿಯುತ್ತಿತ್ತು. ಅರಿಶಿನ ಅರ್ಧ ಚೆಲ್ಲಿತು. ಐದನೆಯ ಮೆಟ್ಟಿಲಲ್ಲಿ ಮುಂಗೈಯ ಸುತ್ತು ಬಿಚ್ಚಿ ಚೀಲವನ್ನು ಅವಳಿಗೆ ಕೊಟ್ಟೆ. ಅವಳು ಅದನ್ನು ಹೆಗಲಿಗೇರಿಸಿ, ಅವ್ವನಿಗೆ ಆಸರೆಯಾಗಿ ತೋಳು ಕೊಟ್ಟಳು.

ಕೊಟ್ಟೆನೇ ಹೊರತು ಮನಸ್ಸು ಬಿಡಲಿಲ್ಲ. ಹತ್ತು ಮೆಟ್ಟಿಲಿಗೊಮ್ಮೆ ತಿರುಗಿ ನೋಡಿದೆ. ಐದನೆಯ ಸಲ ಅವಳೇ ಅಂದಳು: "ಇಲ್ಲೇ ಇದೀನಿ ಕಣವ್ವ. ಓಡೋಗಕ್ಕೂ ನಂಗೆ ಮೆಟ್ಲು ಕಾಣಬೇಕಲ್ಲ!"

ಅವ್ವ ನಕ್ಕ ನಗೆಗೆ ಇಬ್ಬರೂ ಒಂದು ಗಳಿಗೆ ನಿಲ್ಲಬೇಕಾಯಿತು. ಅಲ್ಲಿಂದ ಮುಂದೆ ನಾನು ಕುಂಕುಮವನ್ನು ಮೆಟ್ಟಿಲ ಅಂಚಿಗೇ ಒತ್ತಿ, ದೊಡ್ಡದಾಗಿ ಹಚ್ಚಿದೆ.

ಮೇಲೆ ಮುಟ್ಟಿದ ಕೂಡಲೇ ಚೀಲ ಇಸಿದುಕೊಂಡು, ಅವಳೆದುರಿಗೇ ಜಿಪ್ ಎಳೆದು ಅಂಕಪಟ್ಟಿಗಳನ್ನು ಒಂದೊಂದಾಗಿ ನೋಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನೋಡಿದ್ದು ನಿಜ. ಅವಳು ಕಾದಳು. "ಎಲ್ಲಾ ಇದಾವಾ?"

"ಅದಾವ್ರಿ."

ಅನುಮಾನ ಬಿಡಬೇಕೆಂದು ನಾನು ಆ ಬೆಟ್ಟದಲ್ಲಿ ಕಲಿಯಲಿಲ್ಲ. ಬಿಟ್ಟಿದ್ದರೆ ಇಲ್ಲಿಯವರೆಗೆ ಬರುತ್ತಲೂ ಇರಲಿಲ್ಲ. ಅನುಮಾನ ಬಂದರೆ ಚೀಲ ಅವುಚಿಕೊಂಡು ಸುಮ್ಮನಿರುವ ಬದಲು ಅವ್ವನ ಹಾಗೆ ಎದುರಿಗೇ ಕೇಳಬೇಕು, ಅಷ್ಟು ಕಲಿತೆ.

ಮರುದಿನ ಕಚೇರಿಯಲ್ಲಿ ಪರಿಶೀಲಿಸುವ ಸಾಹೇಬರು ನನ್ನ ಕೊನೆಯ ವರ್ಷದ ಅಂಕಪಟ್ಟಿಯ ಮೇಲೆ ಬೆರಳಿಟ್ಟು ನಿಂತರು. ಅಂಚಿನಲ್ಲಿ ಕೆಂಪು ಬೆರಳಚ್ಚು. ಹಸಿರು ಸೀರೆಯವಳದ್ದಲ್ಲ. ತೆಗೆದು ನೋಡಿದ ನನ್ನದೇ.

"ಏನಿದು ಕಲೆ?"

"ಕುಂಕುಮ ರೀ."

ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. ಉಗುರಿನಿಂದ ಕೆರೆದರು. ಮತ್ತೆ ನನ್ನ ಮುಖ ನೋಡಿದರು. ನಾನು ಅವಳ ಮುಂದೆ ಮೂರು ಬೆರಳು ಹಿಡಿದು ನೋಡಿದ್ದೂ ಹೀಗೆಯೇ. ನಾನು ಕಾದೆ. ಬಹಳ ಹೊತ್ತಿನ ಮೇಲೆ ಮುದ್ರೆ ಒತ್ತಿದರು.