ಲಾಸ್ ಏಂಜಲೀಸಿನಲ್ಲಿ ಯೂಸುಫನ ಹೆಸರು

ಲಾಸ್ ಏಂಜಲೀಸಿನಲ್ಲಿ ವಿಮಾನ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಟಿಕೆಟ್ಟು ಕಳಿಸಿದ್ದ ರೂತ್ ಹೊರಗೆ ನಿಂತಿದ್ದಳು, ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಅವಳ ತಾಯಿ ಹನ್ನಾ. “ತೆಳ್ಳಗಾಗಿದ್ದೀಯ ಸುಧಾಕರ. ನಿಮ್ಮೂರಲ್ಲಿ ಊಟ ಹಾಕುವುದಿಲ್ಲವಾ?” ಎಂದಳು ಅಜ್ಜಿ, ಹೀಬ್ರೂವಿನಲ್ಲಿ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಇಂಗ್ಲಿಷು ಕಾಲು ಭಾಗ ತಿಳಿಯುತ್ತದೆ. ಹೀಬ್ರೂ ಸಲೀಸು. ಕುಂದಾಪುರದಿಂದ ಇಸ್ರೇಲಿಗೆ ಹೋಗಿ, ಗಾಜಾ ಗಡಿಯ ಹತ್ತಿರದ ಊರಲ್ಲಿ ಆರು ವರ್ಷ ಈ ಅಜ್ಜಿಯನ್ನು ನೋಡಿಕೊಂಡಿದ್ದೇನೆ. ಅವಳ ಬೆನ್ನಿಗೆ ಒಂದು ಹುಣ್ಣಾಗಲು ಬಿಟ್ಟವನಲ್ಲ. ಅಕ್ಟೋಬರಿನ ಆ ಶನಿವಾರ ಬಂದೂಕಿನವರು ಗಡಿ ದಾಟಿ ಮನೆಮನೆ ಹೊಕ್ಕಾಗ ನಾವಿಬ್ಬರೂ ಗಟ್ಟಿ ಗೋಡೆಯ ಕೋಣೆಯಲ್ಲಿ ಅಡಗಿದ್ದೆವು. ಅಲ್ಲಿಂದ ನಮ್ಮನ್ನು ಹೊರಗೆ ತಂದವನು ಯೂಸುಫ್, ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ಅರಬ್ ಡ್ರೈವರು. ಆಮೇಲೆ ರೂತ್ ತಾಯಿಯನ್ನು ಇಲ್ಲಿಗೆ ಕರೆತಂದಳು. ನಾನು ಊರಿಗೆ ಮರಳಿದೆ. ಈಗ ಅಂದಿನದನ್ನು ಒಂದು ಸಭೆಯಲ್ಲಿ ಹೇಳಲು ಕರೆಸಿದ್ದಳು. ಅಜ್ಜಿಯ ಆರೈಕೆಯ ಕೆಲಸಕ್ಕೆಂದು ನನ್ನ ವೀಸಾದ ಕಾಗದಕ್ಕೂ ಸಹಿ ಹಾಕುವುದಾಗಿ ಮಾತು ಕೊಟ್ಟಿದ್ದಳು.

ಮರುದಿನ ಸಭೆ. ಇಸ್ರೇಲಿನ ಗಡಿಯ ಸೈನಿಕರಿಗೆ ದುರ್ಬೀನು ಕೊಡಿಸಲು ಹಣ ಕೂಡಿಸುವುದು ಉದ್ದೇಶ. ರಸ್ತೆಯ ಆಚೆ ಕಾಲೇಜು ಹುಡುಗರು ಗಾಜಾದಲ್ಲಿ ಸತ್ತ ಮಕ್ಕಳ ಹೆಸರು ಬರೆದ ಉದ್ದನೆಯ ಬಟ್ಟೆ ಹಿಡಿದು ನಿಂತಿದ್ದರು. ನಡುವೆ ಪೊಲೀಸರು. ಯೂಸುಫನ ಅಕ್ಕನ ಮನೆಯೂ ಗಾಜಾದಲ್ಲೇ. ಬಾಂಬು ಬಿದ್ದ ಮೇಲೆ ಅವಳ ಸುದ್ದಿಯಿಲ್ಲ ಎಂದು ಅವನು ಫೋನಿನಲ್ಲಿ ಹೇಳಿದ್ದ. ಬಟ್ಟೆಯ ಮೇಲಿನದನ್ನು ಓದಲು ನೋಡಿದೆ. ಅಷ್ಟರಲ್ಲಿ ರೂತ್ ಒಳಗೆ ಕರೆದಳು.

“ಯೂಸುಫ್ ಅನ್ನಬೇಡ, ಪಕ್ಕದ ಮನೆಯವರು ಅಂದರೆ ಸಾಕು. ಇಲ್ಲಿ ಬಂದವರೆಲ್ಲ ಯಾರನ್ನಾದರೂ ಕಳೆದುಕೊಂಡವರು. ನಾನೂ.”

ಅವಳ ಜೊತೆ ಓದಿದ ಗೆಳತಿಯನ್ನು ಅಂದು ಅಡುಗೆಮನೆಯಲ್ಲೇ ಕೊಂದಿದ್ದರು. ನಾನು ಅವಳ ಹಿಂದೆ ವೇದಿಕೆ ಹತ್ತಿದೆ.

ನಾನು ಹೀಬ್ರೂವಿನಲ್ಲಿ ಹೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು ಎಂದಾಗಿತ್ತು. ನಾನು ಯೂಸುಫ್ ಎಂದೆ. ಅವಳ ಮಾತಿನಲ್ಲಿ ಆ ಹೆಸರು ಬರಲಿಲ್ಲ. ಅಷ್ಟು ಇಂಗ್ಲಿಷು ನನಗೂ ಗೊತ್ತು. ಇನ್ನೊಮ್ಮೆ ಹೇಳಿ ಕಾದೆ. ರೂತ್ ತಲೆ ತಗ್ಗಿಸಿದಳು. ಆಗ ಮುಂದಿನ ಸಾಲಿನಿಂದ ಅಜ್ಜಿಯ ದನಿ ಬಂತು.

“ಯೂಸುಫ್, ಹೌದು. ಒಳ್ಳೆಯವನು. ಬ್ರೇಕ್ ಹಾಕಲು ಮಾತ್ರ ಬರುವುದಿಲ್ಲ. ದಾರಿಯುದ್ದಕ್ಕೂ ನನ್ನ ಎಲುಬು ಅಲ್ಲಾಡಿಸಿದ.”

ಹೀಬ್ರೂ ಬಲ್ಲ ಇಬ್ಬರು ನಕ್ಕರು. ರೂತ್ ತಲೆ ತಗ್ಗಿಸಿಕೊಂಡೇ ಇಂಗ್ಲಿಷಿನಲ್ಲಿ ಹೆಸರು ಹೇಳಿದಳು, ಅರಬ್ ಡ್ರೈವರ್ ಎಂದೂ ಹೇಳಿದಳು. ಹಿಂದಿನ ಸಾಲಿನ ನಾಲ್ಕೈದು ಮಂದಿ ಎದ್ದು ಹೋದರು.

ಮೂರನೆಯ ದಿನ ಸ್ಯಾನ್ ಡಿಯಾಗೊ ಕಡೆಗೆ ರೈಲು ಹಿಡಿದೆ. ಮೂವತ್ತೈದು ಡಾಲರು, ಸುಮಾರು ಮೂರು ತಾಸು. ಕಾರ್ಲ್ಸ್‌ಬಾಡ್ ದಾಟಿದ ಮೇಲೆ ಕಡಲು ನೋಡುತ್ತಿದ್ದಾಗ ರೈಲು ಗಕ್ಕನೆ ಬ್ರೇಕ್ ಹಾಕಿತು. ಆ ಶನಿವಾರ ಯೂಸುಫನ ವ್ಯಾನಿನಲ್ಲಿ ನಾನು ಅಜ್ಜಿಯ ತಲೆಯನ್ನು ತೊಡೆಗೆ ಒತ್ತಿ ಹಿಡಿದು ಮೇಲೆ ಹೊದಿಕೆ ಹಾಕಿದ್ದೆ. ರಸ್ತೆಯಲ್ಲಿ ಸತ್ತವರು ಬಿದ್ದಿದ್ದರು. ಹಿಂದೆ ಗುಂಡಿನ ಸದ್ದು. ಆದರೂ ಯೂಸುಫ್ ಪ್ರತಿಯೊಬ್ಬರ ಮುಂದೆ ಬ್ರೇಕ್ ಹಾಕಿ, ಸುತ್ತಿ ಬಳಸಿ ಹೋದ. ಒಬ್ಬರ ಮೇಲೂ ಚಕ್ರ ಹತ್ತಿಸಲಿಲ್ಲ. ಇದನ್ನು ನಾನು ಸಭೆಯಲ್ಲಿ ಹೇಳಲಿಲ್ಲ.

ಡೆಲ್ ಮಾರ್ ಹತ್ತಿರದ ಸ್ಟೇಶನ್ನಿಗೆ ತಂಗಿಯ ಮಗಳು ಶೋಭಾ ಕಾರು ತಂದಿದ್ದಳು. ಮೀರಾ ಮೆಸಾದ ಅವಳ ಮನೆಯಲ್ಲಿ ನೀರುದೋಸೆ, ಫ್ರೀಜರಿನ ತೆಂಗಿನತುರಿಯ ಚಟ್ನಿ.

“ಮಾವ, ನಿಮಗ್ಯಾಕೆ ಬೇಕಿತ್ತು? ಅವರು ಹೇಳಿದ ಹಾಗೆ ಹೇಳಿ ಇಳಿಯೋದಲ್ವಾ? ಪೇಪರ್ಸ್ ಫೈಲ್ ಮಾಡೋದು ಅವರ ಕೈಲಿದೆ.”

“ಕೈಯಲ್ಲಿರಲಿ. ಹೆಸರು ನುಂಗಿದ್ರೆ ಈ ದೋಸೆ ಇಳೀತಿತ್ತಾ?”

“ದೋಸೆ ಇಳೀತದೆ, ವೀಸಾ ಬರಲ್ಲ,” ಎಂದು ಇನ್ನೊಂದು ಬಡಿಸಿದಳು.

ಮರಳುವ ದಿನ ಲಾಸ್ ಏಂಜಲೀಸ್ ವಿಮಾನ ನಿಲ್ದಾಣಕ್ಕೆ ಅಜ್ಜಿ ಹಟ ಹಿಡಿದು ಬಂದಿದ್ದಳು. ರೂತ್ ನನ್ನನ್ನು ಬದಿಗೆ ಕರೆದಳು. “ಅಮ್ಮನನ್ನು ನೋಡಿಕೊಳ್ಳಲು ಬೇರೆಯವರನ್ನು ಗೊತ್ತು ಮಾಡಿದ್ದೇನೆ. ನನ್ನಿಂದ ಆಗಲಿಲ್ಲ ಸುಧಾಕರ.”

“ಆಯಿತು,” ಎಂದೆ. “ಬರುವವರಿಗೆ ಹೇಳಿ, ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಬಿಪಿ ಪಟ್ಟಿ ಕಟ್ಟಬಾರದು. ಮಗ್ಗುಲು ಎರಡು ತಾಸಿಗೊಮ್ಮೆ ಬದಲಿಸಬೇಕು.” ಅವಳು ಫೋನಿನಲ್ಲಿ ಬರೆದುಕೊಂಡಳು.

ಅಜ್ಜಿ ನನ್ನ ಕೈ ಬಿಡಲಿಲ್ಲ. “ಯೂಸುಫನಿಗೆ ಹೇಳು. ಬ್ರೇಕ್ ಮೆಲ್ಲಗೆ ಹಾಕಲು ಕಲಿಯಲಿ.”

“ಹೇಳುತ್ತೇನೆ ಅಜ್ಜಿ.”

ತಪಾಸಣೆಯ ಸಾಲಿನಿಂದ ತಿರುಗಿ ನೋಡಿದೆ. ಅಜ್ಜಿಯ ಹೊದಿಕೆ ಜಾರಿತ್ತು. ರೂತ್ ಬಗ್ಗಿ ಅದನ್ನು ಮೇಲಕ್ಕೆಳೆಯುತ್ತಿದ್ದಳು.