ಕೈಯಾಳು ಕಾಯುವ ಹೊತ್ತು

ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ ನಾನು ಯಜಮಾನರ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. ಅವರು ಹೇಳಿಕೊಟ್ಟಿದ್ದ ಒಂದೇ ಒಂದು ಪದ ಬರೆದು ಎಂಟರ್ ಒತ್ತಿದರೆ ಸಾಕು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ತಾವಾಗಿಯೇ ನಡೆದು ಬರುತ್ತಿದ್ದವು. ಕೀಲಿಗಳ ಮೇಲೆ ಯಾರ ಬೆರಳೂ ಇರುತ್ತಿರಲಿಲ್ಲ. ಎರಡಕ್ಷರ ಬಂದು ನಿಲ್ಲುತ್ತಿತ್ತು. ಮತ್ತೊಂದು ಬರುತ್ತಿತ್ತು. ತಪ್ಪಾಯಿತೆಂದು ತಾನೇ ಅಳಿಸಿಕೊಳ್ಳುತ್ತಿತ್ತು. ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತಿತ್ತು. ಹೊರಗೆ ಸರಸ್ವತಿ ನಗರದ ರಸ್ತೆಯಲ್ಲಿ ತರಕಾರಿ ಗಾಡಿಯವನ ಕೂಗು ಹತ್ತಿರ ಬಂದು ದೂರ ಹೋಗುತ್ತಿತ್ತು. ಹೊಲಿಯಲು ಬಂದ ರವಿಕೆ ಬಟ್ಟೆಗಳ ಅಂಚು ಫ್ಯಾನಿನ ಗಾಳಿಗೆ ಏಳುತ್ತಿತ್ತು, ಬೀಳುತ್ತಿತ್ತು.

ಆ ಅಕ್ಷರಗಳನ್ನು ಬರೆಯುತ್ತಿದ್ದವಳು ನಾನೇ. ಈಗಿನ ನಾನಲ್ಲ, ನನ್ನ ಯಜಮಾನರು ಇದ್ದಾಗಿನ ನಾನು. ಅಕ್ಷರಗಳು ನಿಲ್ಲುತ್ತಿದ್ದಲ್ಲೆಲ್ಲ ಅವರು ನನ್ನ ಪಕ್ಕದಲ್ಲಿ ಕೂತು ಏನೋ ಹೇಳುತ್ತಿದ್ದರು. ಅವರ ಮಾತು ಅದರಲ್ಲಿ ಉಳಿದಿರಲಿಲ್ಲ. ಮಾತಿಗೆ ಹಿಡಿದ ಹೊತ್ತು ಉಳಿದಿತ್ತು.

ಅವರು ಹರಿಹರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಬೆಳಿಗ್ಗೆ ಹರಿಹರದ ಬಸ್ಸು, ಸಂಜೆ ದಾವಣಗೆರೆಯ ಬಸ್ಸು. ಸುತ್ತಲ ಹಳ್ಳಿಗಳಿಂದ ಬರುವ ಮಕ್ಕಳು ಇಂಗ್ಲಿಷ್ ಕಂಡೊಡನೆ ಕೈ ಹಿಂದೆಗೆಯುತ್ತಾರೆಂದು, ಕನ್ನಡ ಪದಗಳಲ್ಲೇ ಪ್ರೋಗ್ರಾಂ ಬರೆದು ನೋಡುವಂಥ ಒಂದು ಶೆಲ್ ಮಾಡಿದ್ದರು. ಶೆಲ್ ಎಂದರೆ ನನಗೆ ತಿಳಿದದ್ದು ಇಷ್ಟು: ಒಂದು ಸಾಲು ಬರೆದು ಎಂಟರ್ ಒತ್ತಿದರೆ ಅದು ಕೂಡಲೇ ಉತ್ತರ ಕೊಡುತ್ತದೆ, ಕೆಳಗೊಂದು ಬಾಣದ ಗುರುತು ಇಟ್ಟು ಮುಂದಿನ ಸಾಲಿಗೆ ಕಾಯುತ್ತದೆ. ಬಾಣ ಬಂತೆಂದರೆ ಇನ್ನು ನಮ್ಮ ಸರದಿ. ಎದುರು ಕೂತವರೊಡನೆ ಮಾತಾಡಿದ ಹಾಗೆಯೇ.

ಅದನ್ನು ಮಾಡುವುದಕ್ಕಿಂತ ಪರೀಕ್ಷಿಸುವುದು ಕಷ್ಟ ಎನ್ನುತ್ತಿದ್ದರು. ಮಾತುಕತೆಯೆಂದ ಮೇಲೆ ಆ ಕಡೆ ಒಬ್ಬರು ಕೂತಿರಬೇಕಲ್ಲ. ಒಂದು ಕಡೆ ತಿದ್ದಿದಾಗಲೆಲ್ಲ ಮೊದಲಿನಿಂದ ಕೂತು ಕುಟ್ಟುತ್ತ ನೋಡುವವರು ಯಾರು? ಅದಕ್ಕೇ ಕೆಲವು ಸಣ್ಣ ಪ್ರೋಗ್ರಾಮುಗಳನ್ನು ಬರೆದಿಟ್ಟುಕೊಂಡಿದ್ದರು. ಗಾರೆ ಕೆಲಸದವರ ಜೊತೆ ಇರುವವರನ್ನು ಕರೆಯುವಂತೆ ಅವನ್ನು ಕೈಯಾಳುಗಳು ಎಂದು ಕರೆಯುತ್ತಿದ್ದರು. ಒಬ್ಬ ಕೈಯಾಳು ಮನುಷ್ಯನಂತೆ ನಟಿಸುತ್ತ ಅಕ್ಷರ ಕುಟ್ಟುವವನು. ಇನ್ನೊಬ್ಬಳು ಶೆಲ್ ಹೇಳಿದ್ದನ್ನೆಲ್ಲ ಉಡಿಯಲ್ಲಿ ಹಿಡಿದು, ಬರಬೇಕಾಗಿದ್ದ ಉತ್ತರದ ಪಕ್ಕ ಇಟ್ಟು ನೋಡುವವಳು. ಎಲ್ಲ ಮುಗಿದ ಮೇಲೆ ಕಸ ಗುಡಿಸಿ, ಮುಂದಿನ ಪರೀಕ್ಷೆಗೆ ಜಾಗವನ್ನು ಮೊದಲಿನಂತೆ ಮಾಡುವವನು ಮತ್ತೊಬ್ಬ.

"ಕೂಲಿ ಇಲ್ಲ, ಊಟ ಇಲ್ಲ, ಸಿಟ್ಟೂ ಇಲ್ಲ. ನಿನಗಿಂತ ವಾಸಿ ನೋಡು," ಎಂದರು ಒಮ್ಮೆ.

"ಹಂಗಾದ್ರೆ ರಾತ್ರಿ ಸಾರು ಅವರ ಹತ್ರಾನೇ ಮಾಡಿಸ್ಕಳ್ರಿ," ಎಂದೆ.

ನಾನು ಲೋಕಿಕೆರೆಯವಳು. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿತೆ, ಮದುವೆಯಾಗಿ ಬಂದ ಮೇಲೂ ಅದನ್ನೇ ಮುಂದುವರಿಸಿದೆ. ಕಂಪ್ಯೂಟರಿಗೂ ನನಗೂ ಸಂಬಂಧವಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವರೇ ಕರೆದರು.

"ಏ, ಬಾ ಇಲ್ಲಿ. ಏನೂ ಗೊತ್ತಿಲ್ದೋರು ಒಬ್ರು ಬೇಕು ನನಗೆ."

"ಮನೆತುಂಬ ಹುಡುಕಿದ್ರೂ ನಾನೇ ಸಿಕ್ಕಿದ್ನಾ?"

"ನನ್ನ ಹುಡುಗ್ರು ನಾ ಹೇಳಿಕೊಟ್ಟಂಗೆ ಕುಟ್ತಾರೆ. ತಪ್ಪೂ ನಾ ಹೇಳಿಕೊಟ್ಟಂಗೇ ಮಾಡ್ತಾರೆ. ನೀನಾದ್ರೆ ಹೊಸಾ ತಪ್ಪು ಮಾಡ್ತಿ. ಕೂತ್ಕ."

ಕೂತೆ. ಹೊಲಿಗೆ ಮೆಷಿನ್ನಿನ ಮುಂದೆ ಕೂರುವಾಗ ನನ್ನದೊಂದು ಪದ್ಧತಿಯಿದೆ, ಅವ್ವ ಕಲಿಸಿದ್ದು. ಮೆಷಿನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ದಾರ ಪೋಣಿಸುವ ಮುಂಚೆ, ಬಟ್ಟೆ ಇಡುವ ಮುಂಚೆ, ಚಕ್ರವನ್ನು ಒಂದು ಸುತ್ತು ಖಾಲಿ ತಿರುಗಿಸಬೇಕು. ಅದು ಎದ್ದಿದೆಯೋ ಇಲ್ಲವೋ ತಿಳಿದುಕೊಂಡು ಆಮೇಲೆ ಕೆಲಸ ಹೇಳಬೇಕು. ಅದೇ ಅಭ್ಯಾಸದಲ್ಲಿ ಲ್ಯಾಪ್‌ಟಾಪನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬಾಣ ಕಂಡಿತು. ಏನೂ ಬರೆಯದೆ ಎಂಟರ್ ಒತ್ತಿದೆ. ಪರದೆ ತುಂಬ ಕೆಂಪು ಅಕ್ಷರಗಳು ಬಂದು ಶೆಲ್ ಮುಚ್ಚಿಹೋಯಿತು.

"ಏನ್ ಮಾಡ್ದೆ?"

"ನಾನೇನೂ ಮಾಡಿಲ್ರಿ! ಏನೂ ಬರೆದೇ ಇಲ್ಲ!"

"ಅದೇ ಮತ್ತೆ! ಏನೂ ಬರೀದೆ ಯಾಕ ಒತ್ತಿದಿ?"

"ಎದ್ದೈತೋ ಇಲ್ವೋ ನೋಡ್ದೆ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ವಿವರಿಸಿದರು. ಖಾಲಿ ಎಂಟರ್ ಒತ್ತಿದರೆ ಹಿಂದಿನ ಸಾಲನ್ನೇ ಮತ್ತೆ ಮಾಡು ಎಂದು ಅವರು ಶೆಲ್ಲಿಗೆ ಹೇಳಿಟ್ಟಿದ್ದರು. ಆದರೆ ಮೊದಲ ಸಾಲಿನಲ್ಲೇ ಖಾಲಿ ಒತ್ತಿದರೆ ಹಿಂದೆ ಏನಿರುತ್ತದೆ? ಅದು ಹಿಂದೆ ಹುಡುಕಿಕೊಂಡು ಹೋಗಿ, ಅಲ್ಲಿ ಏನೂ ಸಿಗದೆ ಬಿದ್ದಿತ್ತು. ಕಾಲೇಜಿನಲ್ಲಿ ಯಾರೂ ಹಾಗೆ ಶುರುಮಾಡಿರಲಿಲ್ಲ. ಅಲ್ಲೇ ಕೂತು ತಿದ್ದಿದರು. ಹಿಂದೆ ಏನೂ ಇಲ್ಲದಿದ್ದರೆ ಬೀಳಬಾರದು, ಇನ್ನೊಂದು ಬಾಣ ಇಟ್ಟು ಕಾಯಬೇಕು.

ತಿದ್ದಿದ ಮೇಲೆ ನನ್ನನ್ನು ಮತ್ತೆ ಮೊದಲಿನಿಂದ ಕೂರಿಸಿದರು. ಯಾವ ಕೀಲಿ, ಎಷ್ಟು ಹೊತ್ತಿನ ಮೇಲೆ ಒತ್ತಿದೆ, ಎಲ್ಲಿ ಅಳಿಸಿದೆ, ಎಲ್ಲವೂ ಇದ್ದ ಹಾಗೇ ದಾಖಲಾಗುತ್ತಿತ್ತು. ಅದನ್ನು ಕುಟ್ಟುವ ಕೈಯಾಳಿಗೆ ಕೊಟ್ಟರು. "ಇನ್ಮೇಲೆ ನೀ ಇಲ್ದಿದ್ರೂ ನೀನೇ ಕುಟ್ತಿರ್ತಿ ನೋಡು," ಎಂದು ತೋರಿಸಿದರು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಸಂಜೆ ಕಾಲೇಜಿನಿಂದ ಬಂದು ಕಾಲು ತೊಳೆದು ಕೂತವರು ಎದೆ ಹಿಡಿದುಕೊಂಡರು. ನಾನು ನೀರು ತಂದೆ. ಅವರು ಕುಡಿಯಲಿಲ್ಲ.

ಆಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಮನೆ ತುಂಬ ಜನ ಇದ್ದರು, ಮತ್ತೆ ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನ ಮೇಲಿನ ಧೂಳು ಒರೆಸುತ್ತ ತೆರೆದೆ. ಅವರು ಸ್ನಾನಕ್ಕೆ ಹೋಗುವಾಗ "ಟೆಸ್ಟ್ ಓಡಿಸು ನೋಡಾಣ" ಎನ್ನುತ್ತಿದ್ದದ್ದು ನೆನಪಾಗಿ, ಆ ಪದ ಬರೆದೆ. ಅಕ್ಷರಗಳು ಬಂದವು. ನಿಂತವು. ಆ ನಿಂತ ಹೊತ್ತಿನಲ್ಲಿ ಅವರು ಏನು ಹೇಳಿದ್ದರೆಂದು ನನಗೆ ಗೊತ್ತಿತ್ತು. ಕೇಳಿಸಿತು ಎಂದೇ ಬರೆಯಬಹುದು. ಮಾತು ಮುಗಿಯುವುದಕ್ಕೂ ಅಕ್ಷರಗಳು ಮತ್ತೆ ಹೊರಡುವುದಕ್ಕೂ ಸರಿಹೋಗುತ್ತಿತ್ತು.

ದಿನಾ ಕೂತೆ. ಮುಗಿದರೆ ಮತ್ತೆ ಓಡಿಸುತ್ತಿದ್ದೆ. ಹೊಲಿಯಬೇಕಾದ ಬಟ್ಟೆಗಳು ಕುರ್ಚಿಯ ಮೇಲೆ ಕುರ್ಚಿಯಷ್ಟೇ ಎತ್ತರವಾದವು. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು, "ಅಕ್ಕಾ, ನನ್ ಮಗಳ ಮದುವೆ ರವಿಕೆ ಮೊಮ್ಮಗನ ತೊಟ್ಟಿಲಿಗಾದ್ರೂ ಸಿಗತೈತಾ?" ಎಂದು ಕೇಳಿದಳು. ನಾನು ನಕ್ಕೆ. ಆದರೆ ಹೊಲಿಯಲಿಲ್ಲ.

ಅವರ ಜೊತೆ ಪಾಠ ಮಾಡುತ್ತಿದ್ದ ಮೇಡಂ ಬಂದದ್ದು ಆಗಲೇ. ಗುತ್ತೂರಿನವರು. ಶೆಲ್ಲನ್ನು ಈಗ ಅವರೇ ನೋಡಿಕೊಳ್ಳುತ್ತಿದ್ದರು.

"ಬರ್ರಿ ಮೇಡಂ, ಕೂಡ್ರಿ."

ಚಹಾ ಕುಡಿಯುವ ತನಕ ಊರಿನ ಸುದ್ದಿ ಮಾತಾಡಿದರು. ಲೋಟ ಕೆಳಗಿಟ್ಟು ಹೇಳಿದರು, "ಅಕ್ಕಾ, ಒಂದು ಮಾತು ಕೇಳ್ಬೇಕಿತ್ತು. ಬ್ಯಾಡ ಅಂದ್ರೆ ಇಲ್ಲಿಗೇ ಬಿಡ್ತೀನಿ."

"ಹೇಳ್ರಿ."

"ಹುಡುಗ್ರು ಒಂದಕ್ಷರ ತಿದ್ದಿದ್ರೂ ಟೆಸ್ಟೆಲ್ಲ ಓಡಿಸ್ಬೇಕು. ಉಳಿದವು ಚಿಟಿಕೆ ಹೊಡೆಯೋದ್ರಾಗೆ ಮುಗೀತಾವೆ. ನಿಮ್ಮದೊಂದಕ್ಕೆ ಮಾತ್ರ ಹೊರಗೆ ಹೋಗಿ ಚಾ ಕುಡ್ದು ಬರ್ಬೋದು. ಅದಕ್ಕೇ ಅದನ್ನ ಬಿಟ್ಟು ಓಡಿಸೋಕೆ ಹತ್ಯಾರೆ. ಸರ್ ಇಟ್ಟಿದ್ದು ಅಂತ ನಾನೂ ಮುಟ್ಟಿರ್ಲಿಲ್ಲ."

ಚೀಲದಿಂದ ತಮ್ಮ ಲ್ಯಾಪ್‌ಟಾಪ್ ತೆಗೆದು, ಶೆಲ್ ತೆರೆದು ನನ್ನ ಕಡೆ ತಿರುಗಿಸಿದರು. "ನೀವು ಹೆಂಗೆ ಶುರು ಮಾಡ್ತೀರೋ ಹಂಗೆ ಮಾಡ್ರಿ."

ಖಾಲಿ ಎಂಟರ್ ಒತ್ತಿದೆ. ಪರದೆ ಕೆಂಪಾಯಿತು. ಶೆಲ್ ಬಿತ್ತು.

"ಬ್ಯಾರೆ ಏನೋ ತಿದ್ದೋವಾಗ ಕೆಡಿಸ್ಯಾರೆ ಅಕ್ಕಾ. ನಿಮ್ಮ ಟೆಸ್ಟ್ ಓಡಿಸಿದ್ರೆ ಅವತ್ತೇ ಗೊತ್ತಾಗ್ತಿತ್ತು. ಆ ನಿಲ್ಲೋದನ್ನೆಲ್ಲ ತೆಗೆದ್ರೆ ಎಲ್ರೂ ಓಡಿಸ್ತಾರೆ. ತೆಗೀಲಾ?"

ನಾನು ಕೆಂಪು ಅಕ್ಷರಗಳನ್ನೇ ನೋಡುತ್ತ ಕೂತೆ. ಯಜಮಾನರು ನಗುತ್ತ ನಗುತ್ತ ಸರಿಮಾಡಿದ್ದು ಮತ್ತೆ ಕೆಟ್ಟಿತ್ತು. ಆ ಹೊತ್ತುಗಳನ್ನು ಉಳಿಸಿಕೊಂಡರೆ ಅವರ ಶೆಲ್ ಹೀಗೇ ಒಂದೊಂದಾಗಿ ಕೆಡುತ್ತ ಹೋಗುತ್ತದೆ. ಶೆಲ್ ಉಳಿಯಬೇಕಾದರೆ ಅವರು ನನ್ನ ಪಕ್ಕ ಕೂತಿದ್ದ ಹೊತ್ತು ಹೋಗಬೇಕು. ಆ ಹೊತ್ತು ಬೇರೆ ಎಲ್ಲೂ ಇರಲಿಲ್ಲ.

ಮೇಡಂ ನನ್ನ ಮುಖ ನೋಡಿ, "ಹಳೇದನ್ನ ಸರ್ ಲ್ಯಾಪ್‌ಟಾಪ್‌ನಾಗೆ ಹಂಗೇ ಬಿಟ್ಟು ಹೋಗ್ತೀನಿ, ಬೇಕಂದ್ರೆ," ಎಂದರು.

ಕುರ್ಚಿಯ ಮೇಲಿನ ಬಟ್ಟೆಗಳ ಕಡೆ ಕಣ್ಣು ಹೋಯಿತು. ಅವುಗಳ ಬದಿಯಲ್ಲಿ ಹೊಲಿಗೆ ಮೆಷಿನ್ನಿನ ಮೇಲೆ ಧೂಳು ಕೂತಿತ್ತು.

"ಬ್ಯಾಡ್ರಿ," ಎಂದೆ. "ಇಟ್ರೆ ನಾನು ಇದರ ಮುಂದ್ನಿಂದ ಏಳಂಗಿಲ್ಲ. ಎರಡ್ರಾಗೂ ತೆಗೀರಿ. ಆದ್ರೆ ಮುಂಚೆ ಒಂದ್ಸಲ ಓಡಿಸಿ ನೋಡಾಣ. ನೀವೂ ಇಲ್ಲೇ ಕೂಡ್ರಿ."

ಯಜಮಾನರ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ. ಖಾಲಿ ಎಂಟರ್ ಬಿತ್ತು, ಬಾಣ ಬಂತು, ಅಕ್ಷರ ನಿಂತಿತು. ಇಷ್ಟು ದಿನ ಒಳಗೇ ಕೇಳಿಕೊಳ್ಳುತ್ತಿದ್ದದ್ದನ್ನು ಬಾಯಿಬಿಟ್ಟು ಹೇಳಿದೆ.

"ಇಲ್ಲಿ 'ಈ ಸಲ ಬೀಳ್ಲಿಲ್ಲ ನೋಡು, ನೀ ಕೈಮುಗಿದ ಫಲ' ಅಂದ್ರು."

ಒಂದು ಸಾಲು ಬಂತು. ಮತ್ತೆ ನಿಂತಿತು.

"ಇಲ್ಲಿ ಮಂಡಕ್ಕಿ ತಿಂತಿದ್ವಿ. 'ಮೆಣಸಿನಕಾಯಿ ಎಣ್ಣೆ ಕೈಯಾಗೆ ಮುಟ್ಟಬ್ಯಾಡ' ಅಂತ ಕೂಗಿದ್ರು. ತೊಳಕೊಂಡು ಬರೋಕೆ ಹೋಗಿದ್ದೆ."

"ಅಯ್ಯೋ ಅಕ್ಕಾ!" ಮೇಡಂ ಬಾಯಿಗೆ ಸೆರಗು ಹಿಡಿದರು. "ಇಲ್ಲೇನೋ ಭಾರೀ ಲೆಕ್ಕಾಚಾರ ಐತೆ ಅಂತ ನಮ್ಮ ಹುಡುಗ ಒಬ್ಬ ಸೆಮಿನಾರೇ ಕೊಟ್ಟಾನೆ. ನಾನು ಒಳ್ಳೆ ಮಾರ್ಕ್ಸೂ ಕೊಟ್ಟೀನಿ!"

ಇಬ್ಬರೂ ನಕ್ಕೆವು. ಆ ನಗುವಿನ ನಡುವೆ ಅಕ್ಷರಗಳು ಹೊರಟವು, ತಪ್ಪಿದವು, ಅಳಿಸಿಕೊಂಡವು. "ಇಲ್ಲಿ ಬೈದ್ರು." "ಇಲ್ಲಿ ಪಕ್ಕದ ಮನೆ ಕುಕ್ಕರ್ ಕೂಗ್ತು, ನಮ್ಮದು ಅಂತ ಎದ್ದು ಹೋದ್ರು." ಹೀಗೇ ಹೇಳುತ್ತ ಹೋದೆ. ಕೊನೆಯ ಹತ್ತಿರ ಬಹಳ ಹೊತ್ತು ನಿಲ್ಲುವ ಜಾಗ ಬಂತು. ಬಾಣದ ಪಕ್ಕ ಸಣ್ಣ ಗೆರೆ ಮಿನುಗುತ್ತಿತ್ತು. ನಾನು ಏನೂ ಹೇಳಲಿಲ್ಲ.

"ಇಲ್ಲಿ ಏನಂದ್ರು ಅಕ್ಕಾ?" ಮೇಡಂ ಮೆಲ್ಲಗೆ ಕೇಳಿದರು.

"ಇಲ್ಲಿ ಮಾತಾಡ್ಲಿಲ್ಲ. ಕೂತಲ್ಲೇ ನಿದ್ದೆ ಹೋಗಿದ್ರು. ಕೀಲಿ ಸದ್ದಿಗೆ ಎಚ್ಚರ ಆಗ್ತಾರೆ ಅಂತ ಕೈ ಎತ್ತಿಕೊಂಡು ಕೂತಿದ್ದೆ."

ಆ ಭಾನುವಾರದ ಬಿಸಿಲು ಅವರ ಭುಜದ ಮೇಲೆ ಬಿದ್ದದ್ದು, ಮಡಿಲಲ್ಲಿದ್ದ ಮಂಡಕ್ಕಿ ಉಸಿರಿಗೆ ತಕ್ಕಂತೆ ಸರಿಯುತ್ತಿದ್ದದ್ದು, ಬೆರಳಿಗೆ ಇನ್ನೇನು ತಾಗುವಂತಿದ್ದ ಕೀಲಿ, ಎಲ್ಲ ಇತ್ತು. ದೂರದಲ್ಲಿ ರೈಲೊಂದು ಹೋಗುತ್ತಿತ್ತು. ಅದು ಆ ದಿನದ್ದೋ ಈ ದಿನದ್ದೋ ನಾನು ಗಮನಿಸಲಿಲ್ಲ. ಎಚ್ಚರವಾದ ಮೇಲೆ ಅವರು ಆ ಹೊತ್ತನ್ನು ಕತ್ತರಿಸಿ ಹಾಕಬಹುದಿತ್ತು. "ಇರ್ಲಿ ಬಿಡು, ಎದ್ದು ಹೋಗಿ ಬರೋರು ಇರ್ತಾರೆ. ಶೆಲ್ಲೂ ಕಾಯೋದು ಕಲೀಲಿ," ಎಂದಿದ್ದರು.

ಅಕ್ಷರಗಳು ಮತ್ತೆ ಬಂದವು. ಮುಗಿಯಿತು.

ಮೇಡಂ ಮೊದಲು ತಮ್ಮಲ್ಲಿದ್ದ ಶೆಲ್ಲನ್ನು ಸರಿಪಡಿಸಿದರು. ಆಮೇಲೆ ಕೈಯಾಳಿನಿಂದ ನಿಲ್ಲುವುದನ್ನೆಲ್ಲ ತೆಗೆದು ಓಡಿಸಿದರು. ಆಗಲೂ ಕೆಂಪು ಬಂತು. ಶೆಲ್ ಉತ್ತರ ಕೊಟ್ಟು ಬಾಣ ಇಡುವ ಮುಂಚೆಯೇ ಕೈಯಾಳು ಮುಂದಿನ ಸಾಲು ಕುಟ್ಟಿಬಿಟ್ಟಿದ್ದ, ಸಾಲಿನ ಮೊದಲಕ್ಷರ ಎಲ್ಲೋ ಕಳೆದುಹೋಗಿತ್ತು.

"ಪೂರ್ತಿ ತೆಗೆದ್ರೆ ಆಗಲ್ಲ," ಎಂದರು ಮೇಡಂ. "ಕಾಯ್ಬೇಕು, ಆದ್ರೆ ಗಡಿಯಾರ ನೋಡ್ಕೊಂಡಲ್ಲ, ಬಾಣ ನೋಡ್ಕೊಂಡು. ಬಂದ ಕೂಡ್ಲೆ ಕುಟ್ಟೋದು." ಹಾಗೆ ಬರೆದರು. ಎರಡೂ ಲ್ಯಾಪ್‌ಟಾಪಿನಲ್ಲಿ ಹಾಕಿದರು. ಕೈಯಾಳು ಈಗಲೂ ಮೊದಲು ಖಾಲಿ ಎಂಟರನ್ನೇ ಒತ್ತುತ್ತಾನೆ, ನಾನು ತಪ್ಪಿದಲ್ಲೇ ತಪ್ಪುತ್ತಾನೆ, ಅಳಿಸುತ್ತಾನೆ. ಸಂಜೆ ಹರಿಹರದ ಬಸ್ಸಿಗೆ ಮೇಡಂ ಹೋದರು.

ಮಾರನೆಯ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಲ್ಯಾಪ್‌ಟಾಪ್ ತೆರೆದೆ. ಆ ಪದ ಬರೆದು ಓಡಿಸಿದೆ. ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದು, ಹಸಿರು ಬಣ್ಣದಲ್ಲಿ ಸರಿ ಎಂದು ಬಂದಿತ್ತು. ಅವರ ಮಾತು ಎಲ್ಲೂ ಹಿಡಿಯುವಂತಿರಲಿಲ್ಲ. ಹುಡುಗರು ಇದನ್ನು ಓಡಿಸದೆ ಬಿಡುವುದಿಲ್ಲ ಎಂದುಕೊಂಡೆ.

ಪರೀಕ್ಷೆ ಮುಚ್ಚಿ ಶೆಲ್ಲನ್ನೇ ತೆರೆದೆ. ಬಾಣ ಕಂಡಿತು. ಮುಟ್ಟಿ ಕಣ್ಣಿಗೊತ್ತಿಕೊಂಡು ಖಾಲಿ ಎಂಟರ್ ಒತ್ತಿದೆ. ಹಿಂದೆ ಏನೂ ಇರಲಿಲ್ಲ. ಬೀಳಲಿಲ್ಲ. ಕೆಳಗೆ ಇನ್ನೊಂದು ಬಾಣ ಇಟ್ಟು ಕಾಯತೊಡಗಿತು.

ಅದನ್ನು ಹಾಗೇ ಕಾಯಲು ಬಿಟ್ಟು ಎದ್ದೆ. ಹೊಲಿಗೆ ಮೆಷಿನ್ನಿನ ಧೂಳು ಒರೆಸಿ, ಎಣ್ಣೆ ಬಿಟ್ಟು, ಚಕ್ರವನ್ನು ಒಂದು ಸುತ್ತು ಖಾಲಿ ತಿರುಗಿಸಿದೆ. ಆಮೇಲೆ ಎದುರು ಮನೆಯ ಮದುವೆ ರವಿಕೆಯನ್ನು ಎತ್ತಿಕೊಂಡೆ.