ಗುಲ್ಷನ್ ಕಿತ್ತ ಕಾವಲುಗಾರ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ ಗುಲ್ಷನ್ ಅವರ ರಿಪೇರಿ ಅಂಗಡಿ ಇದೆ. ಅವರಪ್ಪ ರೇಡಿಯೋ ಬಿಚ್ಚುತ್ತಿದ್ದ ಅದೇ ಮೇಜು, ಅದೇ ಭೂತಗನ್ನಡಿ. ಮಿಕ್ಸಿ ತನ್ನಿ, ಟಿ.ವಿ. ತನ್ನಿ, ಆಕೆ ಮೊದಲು ಮೂಸಿ ನೋಡುತ್ತಾರೆ. ವಾಸನೆಯಲ್ಲೇ ಅರ್ಧ ರೋಗ ಗೊತ್ತಾಗುತ್ತದಂತೆ. ಕೇಳಿ ನಾನು ನಗುತ್ತಿದ್ದೆ. ಕಳಸದಲ್ಲಿ ಇಪ್ಪತ್ತೈದು ವರ್ಷ ಜೀಪು ರಿಪೇರಿ ಮಾಡಿದವನಿಗೆ ವೈರಿನ ಪಾಠ ಹೇಳುವವರು ಯಾರು? ಅದೇ ಕೊಬ್ಬು ನನ್ನನ್ನು ಆಕೆಯ ಎದುರು ಕೈಕಟ್ಟಿ ನಿಲ್ಲಿಸಿತು.

ಅಕ್ಕನ ಮಗಳು ಅರ್ಚನಾ ತನ್ನ ಪ್ರಬಂಧಕ್ಕಾಗಿ ಮೂರು ಮಳೆಗಾಲ ಹಳ್ಳಹಳ್ಳ ಅಲೆದು ಕಪ್ಪೆಗಳ ಕೂಗು ರೆಕಾರ್ಡ್ ಮಾಡಿದ್ದಳು. ಜೀಪಿನಲ್ಲಿ ಕರೆದೊಯ್ಯುತ್ತಿದ್ದವನು ನಾನೇ. ಎಲ್ಲವೂ ಒಂದೇ ಹಾರ್ಡ್‌ಡಿಸ್ಕಿನಲ್ಲಿತ್ತು. ಪ್ರಬಂಧ ಒಪ್ಪಿಸಲು ಒಂದು ವಾರ ಇದೆ ಎನ್ನುವಾಗ ಕಳಸದಲ್ಲಿ ಕರೆಂಟ್ ಹೋಯಿತು, ಮೂರು ದಿನವಾದರೂ ಬರಲಿಲ್ಲ.

"ಜೀಪಿನ ಬ್ಯಾಟರಿ ಇರುವಾಗ ಚಿಂತೆ ಯಾಕೆ ಮಾರಾಯ್ತಿ?" ಎಂದು ನಾನೇ ಡಿಸ್ಕಿಗೆ ವೈರು ಕೊಟ್ಟೆ. ಅದಕ್ಕೆ ಹನ್ನೆರಡು ವೋಲ್ಟೂ ಬೇಕು, ಐದು ವೋಲ್ಟೂ ಬೇಕು. ಐದನ್ನು ಜೀಪಿನ ಮೊಬೈಲ್ ಚಾರ್ಜರಿನಿಂದ ಎಳೆದೆ. ನಮ್ಮ ಜೀಪಿನಲ್ಲಿ ಕೆಂಪು ವೈರೆಂದರೆ ಬ್ಯಾಟರಿಯ ಹನ್ನೆರಡು. ಡಿಸ್ಕಿನಲ್ಲಿ ಕೆಂಪು ಐದು, ಹಳದಿ ಹನ್ನೆರಡು. ಒಂದು ಮಾತು ಯಾರನ್ನಾದರೂ ಕೇಳಬಾರದಿತ್ತೇ? ಟಪ್ ಎಂದಿತು. ಅರ್ಚನಾ ಬೈಯಲಿಲ್ಲ, ಮಾತೇ ಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂಡಿಗೆರೆಯವರೆಗೂ ಹಿಂದಿನ ಸೀಟಿನಲ್ಲಿ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಗುಲ್ಷನ್ ಡಿಸ್ಕನ್ನು ಮೂಸಿದರು.

"ಕೆಂಪಿಗೆ ಹನ್ನೆರಡು ಕೊಟ್ರಾ ಗುರುವಣ್ಣ?"

"ನಿಮಗೆ ಹೆಂಗೆ ಗೊತ್ತಾಯ್ತು?"

"ಜೀಪಿನವ್ರು ಮತ್ತೇನು ಕೊಡ್ತಾರೆ?"

ಅಡಿಯ ಹಸಿರು ಬೋರ್ಡು ಬಿಚ್ಚಿ, ಮೀಟರು ಹಿಡಿದು ನೋಡಿ, ಅಕ್ಕಿಕಾಳಿನಷ್ಟು ಕಪ್ಪು ಚೂರೊಂದನ್ನು ಕಾಯಿಸಿ ಕಿತ್ತರು.

"ಬದಲಿಗೆ ಏನೂ ಹಾಕಲ್ವಾ?" ಎಂದೆ.

"ಇದು ಕಾವಲುಗಾರ. ಹೆಚ್ಚಿನ ವೋಲ್ಟ್ ತಾನು ತಗೊಂಡು ಸತ್ತು, ಒಳಗಿಂದು ಉಳಿಸಿದೆ. ಈಗ ಡಿಸ್ಕ್ ಓಡುತ್ತೆ, ಕಾವಲು ಮಾತ್ರ ಇಲ್ಲ. ಎಲ್ಲಾನೂ ಇಲ್ಲೇ ಕಾಪಿ ಮಾಡ್ಕೊಳ್ಳಿ. ಈ ಸಲ ವೈರು ನಾನು ಕೊಡ್ತೀನಿ."

ಡಿಸ್ಕು ಸುಯ್ಯೆಂದು ತಿರುಗಿತು. ನನಗೆ ಹೋದ ಜೀವ ಬಂತು. ಅರ್ಚನಾ ಒಂದು ಫೈಲು ತೆರೆದಳು. ಕಪ್ಪೆಗಳು ಟಿಕ್ ಟಿಕ್ ಎಂದವು. ಅದರ ಮೇಲೆ ಉದ್ದಕ್ಕೆ ಜೀಪಿನ ಹಾರ್ನು, ಹಿಂದೆಯೇ ನನ್ನ ಗಂಟಲು: "ಬಾರೇ ಮಾರಾಯ್ತಿ, ಉಂಬಳ ಕಾಲೆಲ್ಲ ಹತ್ತಿ ರಕ್ತ ಹೀರ್ತಿದಾವೆ!"

ಗುಲ್ಷನ್ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ಎಲ್ಲಿ ಮುಖ ಇಡಲಿ ಎನಿಸಿತು.

"ಮೂರು ವರ್ಷದ್ದೂ ಹೀಗೇ," ಎಂದಳು ಅರ್ಚನಾ, ಡಿಸ್ಕು ಸುಟ್ಟ ಮೇಲೆ ಮೊದಲ ಸಲ ನನ್ನ ಮುಖ ನೋಡಿ. "ಒಂದು ಕಪ್ಪೆನೂ ನಿನ್ನ ಬಿಟ್ಟು ಕೂಗಿಲ್ಲ ಮಾವ."